ಕಾರು, ಲಾರಿಗೆ ಸಿಂಥೆಟಿಕ್ ಆಯಿಲ್: ಡಬ್ಬಿಯ ಹಿಂದಿನ ಚೀಟಿ ಓದಿ ಆರಿಸುವ ಬಗೆ

ವಿಜಯಪುರ, ಬಾಗಲಕೋಟೆ, ಬೆಳಗಾವಿ, ಎಲ್ಲೇ ಆಯಿಲ್ ಅಂಗಡಿಯ ಮುಂದೆ ನಿಂತರೂ ಗಿರಾಕಿಗಳ ಬಾಯಲ್ಲಿ ಕೇಳುವುದು ಎರಡೇ ಮಾತು. ಒಂದು, "ಫುಲ್ ಸಿಂಥೆಟಿಕ್ ಕೊಡ್ರಿ." ಇನ್ನೊಂದು, "ದಪ್ಪ ಇರೋದು ಕೊಡ್ರಿ, ನಮ್ ಬಿಸಿಲಿಗೆ ತೆಳ್ಳಂದು ತಡಿಯಂಗಿಲ್ಲ." ಎರಡರಿಂದಲೂ ನಿಮ್ಮ ಎಂಜಿನ್ನಿಗೆ ಸರಿಯಾದ ಆಯಿಲ್ ಸಿಗುತ್ತದೆ ಎಂಬ ಖಾತ್ರಿ ಇಲ್ಲ. ಒಂದೇ ಬೆಲೆಯ, ಒಂದೇ ಗ್ರೇಡಿನ, ಮುಂಭಾಗದಲ್ಲಿ ಒಂದೇ ಅಕ್ಷರ ಹೊತ್ತ ಎರಡು ಡಬ್ಬಿಗಳ ಒಳಗಿನ ಮಾಲು ಬೇರೆ ಬೇರೆ ಇರಬಹುದು. ಹೋಲಿಸಬೇಕಾದ್ದು ಹಿಂದಿನ ಚೀಟಿಯನ್ನು, ಕಂಪನಿ ಕೊಡುವ ಡೇಟಾ ಶೀಟನ್ನು ಮತ್ತು ನಿಮ್ಮ ಗಾಡಿಯ ದುಡಿಮೆಯನ್ನು.

ಮೊದಲು ಗಾಡಿಯ ಪುಸ್ತಕ

ಅಂಗಡಿಗೆ ಹೋಗುವ ಮುಂಚೆ ಮ್ಯಾನುಯಲ್‌ನ ಕೊನೆಯ ಪುಟಗಳಲ್ಲಿರುವ ಆಯಿಲ್ ಕೋಷ್ಟಕ ತೆಗೆಯಿರಿ. ನಾಲ್ಕು ಸಂಗತಿ ಬರೆದುಕೊಳ್ಳಿ: ದಪ್ಪದ ಗ್ರೇಡ್, ಎಪಿಐ (ಅಮೆರಿಕದ ಪೆಟ್ರೋಲಿಯಂ ಸಂಸ್ಥೆ) ಇಲ್ಲವೇ ಎಸಿಇಎ (ಯುರೋಪಿನ ವಾಹನ ತಯಾರಕರ ಸಂಘ) ಕೊಡುವ ದರ್ಜೆ, ಗಾಡಿ ಕಂಪನಿಯದೇ ಒಪ್ಪಿಗೆ ಸಂಖ್ಯೆ ಇದ್ದರೆ ಅದು, ಫಿಲ್ಟರ್ ಸಮೇತ ಚೇಂಬರ್‌ಗೆ (ಎಂಜಿನ್ ಕೆಳಗಿನ ಆಯಿಲ್ ತೊಟ್ಟಿಗೆ) ಹಿಡಿಯುವ ಲೀಟರ್. ಪುಸ್ತಕ ಕಳೆದಿದ್ದರೆ ಬಹಳಷ್ಟು ಕಂಪನಿಗಳ ವೆಬ್‌ಸೈಟಿನಲ್ಲಿ ಅದರ ಪ್ರತಿ ಸಿಗುತ್ತದೆ. ಆಯಿಲ್ ಹಾಕುವ ಮುಚ್ಚಳದ ಮೇಲೂ ಅನೇಕ ಗಾಡಿಗಳಲ್ಲಿ ಗ್ರೇಡ್ ಅಚ್ಚಾಗಿರುತ್ತದೆ. ಗ್ರೇಡ್ ಒಂದೇ ನೋಡಿ ಬಿಡಬೇಡಿ. ದರ್ಜೆ ತಪ್ಪಿದರೆ ಆಗುವ ನಷ್ಟ ಗ್ರೇಡ್ ತಪ್ಪಿದ ನಷ್ಟಕ್ಕಿಂತ ದೊಡ್ಡದು. ಅದಕ್ಕೆ ಕಾರಣ ಮುಂದೆ ಬರುತ್ತದೆ.

5ಡಬ್ಲ್ಯೂ-30 ಎಂದರೆ ಏನು ಹೇಳುತ್ತಿದೆ

ಡಬ್ಲ್ಯೂ ಪಕ್ಕದ ಅಂಕೆ ಚಳಿಯಲ್ಲಿ ಸ್ಟಾರ್ಟ್ ಆಗುವ ಬಗ್ಗೆ. 5ಡಬ್ಲ್ಯೂ ಆಯಿಲನ್ನು ಮೈನಸ್ 30 ಡಿಗ್ರಿಯಲ್ಲಿ, 15ಡಬ್ಲ್ಯೂವನ್ನು ಮೈನಸ್ 20ರಲ್ಲಿ ಪರೀಕ್ಷಿಸುತ್ತಾರೆ. ನಮ್ಮ ಕಡೆ ಡಿಸೆಂಬರ್ ಬೆಳಗ್ಗೆ ಎಷ್ಟೇ ಚಳಿ ಬಿದ್ದರೂ ಹತ್ತು ಡಿಗ್ರಿಯ ಆಸುಪಾಸು. ಹಾಗಾಗಿ ಲಾರಿಗೆ 15ಡಬ್ಲ್ಯೂ ಇದ್ದರೆ ಸ್ಟಾರ್ಟಿಂಗ್‌ಗೆ ತೊಂದರೆ ಇಲ್ಲ. ಆದರೂ 0ಡಬ್ಲ್ಯೂ, 5ಡಬ್ಲ್ಯೂ ಆಯಿಲ್ ಬೆಳಗಿನ ಮೊದಲ ಕ್ಷಣಗಳಲ್ಲಿ ವಾಲ್ವ್ ತೆರೆಯುವ ಕ್ಯಾಮ್ ಮತ್ತು ಟರ್ಬೊ ತನಕ ಬೇಗ ತಲುಪುತ್ತದೆ. ದಿನಕ್ಕೆ ಹತ್ತು ಸಲ ಸ್ಟಾರ್ಟ್ ಆಗುವ ಊರ ಕಾರಿಗೆ ಇದರ ಲಾಭ ನಿಜವಾಗಿಯೂ ಇದೆ.

ಕೊನೆಯ ಅಂಕೆ ಬಿಸಿಯಲ್ಲಿನ ದಪ್ಪ. 100 ಡಿಗ್ರಿಯಲ್ಲಿ 20 ಗ್ರೇಡ್ 6.9ರಿಂದ 9.3 ಸೆಂಟಿಸ್ಟೋಕ್ (ದಪ್ಪ ಅಳೆಯುವ ಮಾನ) ಒಳಗೆ, 30 ಗ್ರೇಡ್ 9.3ರಿಂದ 12.5, 40 ಗ್ರೇಡ್ 12.5ರಿಂದ 16.3, 50 ಗ್ರೇಡ್ 16.3ರಿಂದ 21.9 ಒಳಗೆ ಇರಬೇಕು. ಆಲೆಮನೆಯ ಕೊಪ್ಪರಿಗೆಯಲ್ಲಿ ಕುದಿಯುವಾಗ ನೀರಿನಂತೆ ಹರಿಯುವ ಕಬ್ಬಿನ ಪಾಕ ಆರಿದ ಮೇಲೆ ಹೇಗೆ ಗಟ್ಟಿಯಾಗುತ್ತದೋ, ಎಲ್ಲ ಆಯಿಲ್‌ಗೂ ಅದೇ ಗುಣ. ಸಿಂಥೆಟಿಕ್‌ನಲ್ಲಿ ಈ ಏರಿಳಿತ ಕಡಿಮೆ. ಸಾದಾ 15ಡಬ್ಲ್ಯೂ-40 ಆಯಿಲ್ 40 ಡಿಗ್ರಿಯಲ್ಲಿ ಸುಮಾರು 105ರಿಂದ 110 ಸೆಂಟಿಸ್ಟೋಕ್ ಇದ್ದರೆ, ಸಿಂಥೆಟಿಕ್ 5ಡಬ್ಲ್ಯೂ-40 ಸುಮಾರು 80ರಿಂದ 90. 100 ಡಿಗ್ರಿಗೆ ಬಂದಾಗ ಎರಡೂ 14ರ ಸುತ್ತಮುತ್ತ. ಅಂದರೆ ಕೈಯಲ್ಲಿ ಮುಟ್ಟಿ "ತೆಳ್ಳಗೈತಿ" ಅನ್ನಿಸುವ ಆಯಿಲ್, ಓಡುವ ಎಂಜಿನ್ನಿನಲ್ಲಿ ದಪ್ಪ ಆಯಿಲ್‌ನಷ್ಟೇ ಗಟ್ಟಿ. ಬೆರಳ ನಡುವೆ ಉಜ್ಜಿ ಆಯಿಲ್ ಪರೀಕ್ಷಿಸುವ ರೂಢಿಯನ್ನು ಇದೊಂದೇ ಕಾರಣಕ್ಕೆ ಬಿಡಬಹುದು.

ಇನ್ನು ಬಿಸಿಲಿನ ವಾದ. ಮೇ ತಿಂಗಳಲ್ಲಿ ವಿಜಯಪುರದಲ್ಲಿ 40 ಡಿಗ್ರಿ ದಾಟುತ್ತದೆ, ನಿಜ. ಆದರೆ ಎಂಜಿನ್ನಿನ ನೀರಿನ ಬಿಸಿಯನ್ನು ಥರ್ಮೋಸ್ಟಾಟ್ ಮತ್ತು ಫ್ಯಾನ್ ಹಿಡಿತದಲ್ಲಿ ಇಡುತ್ತವೆ. ಆಯಿಲ್ ಸಾಮಾನ್ಯ ಓಟದಲ್ಲಿ 90ರಿಂದ 110 ಡಿಗ್ರಿಯಲ್ಲಿರುತ್ತದೆ. ಹೊರಗೆ 25 ಇದ್ದದ್ದು 42 ಆಯಿತೆಂದು ಅದು 17 ಡಿಗ್ರಿ ಏರುವುದಿಲ್ಲ. ಏರಿಸುವುದು ಲೋಡು: ಚೋರ್ಲಾ ಘಾಟಿನ ಏರು, ಮಿತಿಮೀರಿದ ಭಾರ, ಹುಲ್ಲು ಹೊಟ್ಟು ತುಂಬಿದ ರೇಡಿಯೇಟರ್. 0ಡಬ್ಲ್ಯೂ-20 ಬೇಡುವ ಪೆಟ್ರೋಲ್ ಎಂಜಿನ್ನಿಗೆ "ಬಿಸಿಲು" ಎಂದು 20ಡಬ್ಲ್ಯೂ-50 ಹಾಕಿದರೆ ಕ್ಯಾಮ್ ಸಮಯ ಬದಲಿಸುವ ಹೈಡ್ರಾಲಿಕ್ ಭಾಗಕ್ಕೆ ಆಯಿಲ್ ನಿಧಾನವಾಗಿ ತಲುಪುತ್ತದೆ, ಎಂಜಿನ್ ಲೈಟ್ ಹತ್ತಬಹುದು, ಮೈಲೇಜ್ ಬೀಳುತ್ತದೆ. ಪುಸ್ತಕದಲ್ಲೇ 5ಡಬ್ಲ್ಯೂ-30 ಮತ್ತು 5ಡಬ್ಲ್ಯೂ-40 ಎರಡೂ ಇದ್ದರೆ ಮಾತ್ರ ನಮ್ಮ ಕಡೆಯ ಬೇಸಿಗೆಗೆ, ಭಾರದ ಓಟಕ್ಕೆ ದಪ್ಪದ್ದನ್ನು ಆರಿಸಿ.

'ಸಿಂಥೆಟಿಕ್' ಎಂಬ ಅಕ್ಷರ ಎಷ್ಟು ಹೇಳುತ್ತದೆ

ಬೇಸ್ ಆಯಿಲನ್ನು, ಅಂದರೆ ಔಷಧ ಬೆರೆಸುವ ಮುಂಚಿನ ಮೂಲ ಎಣ್ಣೆಯನ್ನು, ಎಪಿಐ ಐದು ಗುಂಪು ಮಾಡಿದೆ. ಒಂದು ಮತ್ತು ಎರಡನೆಯದು ಸಾದಾ ಮಿನರಲ್. ಮೂರನೆಯದು ಕಚ್ಚಾ ತೈಲವನ್ನೇ ಹೈಡ್ರೋಜನ್ ಜೊತೆ ಹೆಚ್ಚು ಒತ್ತಡದಲ್ಲಿ ಒಡೆದು ಶುದ್ಧ ಮಾಡಿದ್ದು, ಅದರ ವಿಸ್ಕಾಸಿಟಿ ಇಂಡೆಕ್ಸ್ (ಬಿಸಿ-ತಂಪಿಗೆ ದಪ್ಪ ಎಷ್ಟು ಸ್ಥಿರ ಎಂಬ ಅಂಕೆ) 120 ಅಥವಾ ಮೇಲೆ. ನಾಲ್ಕನೆಯದು ರಾಸಾಯನಿಕವಾಗಿ ಕಟ್ಟಿದ ಪಿಎಒ. ಐದನೆಯದರಲ್ಲಿ ಎಸ್ಟರ್ ಮುಂತಾದವು. ಅಮೆರಿಕದಲ್ಲಿ 1999ರಲ್ಲಿ ಎರಡು ದೊಡ್ಡ ಆಯಿಲ್ ಕಂಪನಿಗಳ ಜಾಹೀರಾತು ತಕರಾರು ತೀರ್ಮಾನವಾದ ಮೇಲೆ ಮೂರನೇ ಗುಂಪಿಗೂ ಸಿಂಥೆಟಿಕ್ ಎಂದು ಬರೆಯುವುದು ವಾಡಿಕೆಯಾಯಿತು. ಇವತ್ತು ಅಂಗಡಿಯಲ್ಲಿರುವ 'ಫುಲ್ ಸಿಂಥೆಟಿಕ್' ಡಬ್ಬಿಗಳಲ್ಲಿ ಹೆಚ್ಚಿನವು ಈ ಮೂರನೇ ಗುಂಪಿನವು. ಇದರಲ್ಲಿ ಮೋಸವೇನಿಲ್ಲ, ಒಳ್ಳೆಯ ಮೂರನೇ ಗುಂಪಿನ ಆಯಿಲ್ ಬಹುತೇಕ ಗಾಡಿಗಳಿಗೆ ಸಾಕು. ಶೆಲ್‌ನ ಹೀಲಿಕ್ಸ್ ಅಲ್ಟ್ರಾದಂಥವು ನೈಸರ್ಗಿಕ ಅನಿಲದಿಂದ ಮಾಡಿದ ಬೇಸ್ ಬಳಸುತ್ತವೆ. 'ಸೆಮಿ ಸಿಂಥೆಟಿಕ್' ಎಂಬಲ್ಲಿ ಮಾತ್ರ ಎಚ್ಚರ ಬೇಕು. ಎಷ್ಟು ಪಾಲು ಸಿಂಥೆಟಿಕ್ ಇರಬೇಕೆಂಬುದಕ್ಕೆ ಕಟ್ಟುನಿಟ್ಟಾದ ನಿಯಮವಿಲ್ಲ.

ದರ್ಜೆ: ಕಾರಿನದು ಲಾರಿಗೆ, ಲಾರಿಯದು ಕಾರಿಗೆ ಯಾಕೆ ಬೇಡ

ಪೆಟ್ರೋಲ್ ಗಾಡಿಗೆ ಎಪಿಐ ಎಸ್ ಸಾಲು: ಎಸ್‌ಎನ್ 2010ರದು, ಎಸ್‌ಪಿ 2020ರದು. ಡೀಸೆಲ್ ಲಾರಿಗೆ ಸಿ ಸಾಲು: ಸಿಐ-4 2002ರದು, ಸಿಕೆ-4 2016ರ ಡಿಸೆಂಬರಿನದು. ಹೊಸ ದರ್ಜೆ ಹಳೆಯದರ ಜಾಗದಲ್ಲಿ ನಡೆಯುತ್ತದೆ, ಹಳೆಯದು ಹೊಸದರ ಜಾಗದಲ್ಲಿ ನಡೆಯುವುದಿಲ್ಲ. ಟರ್ಬೊ ಇರುವ ಡೈರೆಕ್ಟ್ ಇಂಜೆಕ್ಷನ್ ಪೆಟ್ರೋಲ್ ಕಾರಿಗೆ, ಅಂದರೆ ಹ್ಯುಂಡೈ ಮತ್ತು ಕಿಯಾದ 1.0 ಟರ್ಬೊ, ಫೋಕ್ಸ್‌ವ್ಯಾಗನ್ ಮತ್ತು ಸ್ಕೋಡಾದ ಟಿಎಸ್‌ಐ ಬಗೆಯವಕ್ಕೆ, ಎಸ್‌ಪಿಗಿಂತ ಕೆಳಗೆ ಇಳಿಯಬೇಡಿ. ಕಡಿಮೆ ವೇಗದಲ್ಲಿ ಜೋರಾಗಿ ಒತ್ತಿದಾಗ ಕಿಡಿಗೆ ಮುಂಚೆಯೇ ಇಂಧನ ಉರಿದು ಪಿಸ್ಟನ್ ಒಡೆಯುವ ಕಾಯಿಲೆಗೂ, ಟೈಮಿಂಗ್ ಚೈನ್ ಸವೆತಕ್ಕೂ ಎಸ್‌ಪಿಯಲ್ಲಿ ಪ್ರತ್ಯೇಕ ಪರೀಕ್ಷೆ ಇದೆ.

ಲಾರಿ ಆಯಿಲ್‌ನಲ್ಲಿ ಮಸಿಯನ್ನು ತೇಲಿಸಿಟ್ಟುಕೊಳ್ಳುವ ಔಷಧ ಹೆಚ್ಚು, ರಂಜಕವೂ (ಫಾಸ್ಫರಸ್) ಹೆಚ್ಚು. ಸಿಕೆ-4ನಲ್ಲಿ ರಂಜಕ 1200 ಪಿಪಿಎಂ (ಹತ್ತು ಲಕ್ಷಕ್ಕೆ ಇಷ್ಟು ಪಾಲು) ತನಕ ಇರಬಹುದು, ಎಸ್‌ಪಿಯ 0ಡಬ್ಲ್ಯೂ-20, 5ಡಬ್ಲ್ಯೂ-30 ಗ್ರೇಡ್‌ಗಳಲ್ಲಿ ಮಿತಿ 800. ಡಬ್ಬಿಯಲ್ಲಿ ಉಳಿದ ಲಾರಿ ಆಯಿಲನ್ನು ಪೆಟ್ರೋಲ್ ಕಾರಿಗೆ ಸುರಿದರೆ ಆ ರಂಜಕ ಸೈಲೆನ್ಸರ್ ದಾರಿಯಲ್ಲಿ ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರನ್ನು ನಿಧಾನಕ್ಕೆ ಕೊಲ್ಲುತ್ತದೆ. ತಿರುಗುಮುರುಗು ಮಾಡಿದರೆ, ಅಂದರೆ ಕಾರಿನ ಎಸ್‌ಪಿ ಆಯಿಲ್ ಲಾರಿಗೆ ಹೋದರೆ, ಮಸಿ ಕಟ್ಟಿ ಆಯಿಲ್ ಗಟ್ಟಿಯಾಗುತ್ತದೆ, ಬೇರಿಂಗ್ ಮೇಲಿನ ಪದರ ತೆಳುವಾಗುತ್ತದೆ. ಡಬ್ಬಿಯಲ್ಲಿ ಉಳಿದ ಕಾರ್ ಆಯಿಲ್ ಬೈಕಿಗೂ ಬೇಡ. ಅದರಲ್ಲಿರುವ ಜಾರುವ ಔಷಧದಿಂದ ಆಯಿಲಿನಲ್ಲೇ ಮುಳುಗಿರುವ ಕ್ಲಚ್ ಸ್ಲಿಪ್ ಆಗುತ್ತದೆ.

2020ರ ಏಪ್ರಿಲ್ 1ರಿಂದ ಬಂದ ಬಿಎಸ್-6 (ಸರ್ಕಾರದ ಹೊಗೆ ನಿಯಮ) ಡೀಸೆಲ್ ಗಾಡಿಗಳಲ್ಲಿ ಇನ್ನೊಂದು ಕಟ್ಟಳೆ ಇದೆ. ಹೊಗೆಯ ದಾರಿಯಲ್ಲಿ ಮಸಿ ಹಿಡಿಯುವ ಜರಡಿ, ಡಿಪಿಎಫ್, ಕೂತಿರುತ್ತದೆ. ಅದರಲ್ಲಿ ಸಿಕ್ಕ ಮಸಿ ಬಿಸಿಗೆ ಸುಟ್ಟುಹೋಗುತ್ತದೆ, ಆಯಿಲ್ ಉರಿದು ಬರುವ ಬೂದಿ ಸುಡುವುದಿಲ್ಲ, ಅಲ್ಲೇ ಶಾಶ್ವತವಾಗಿ ತುಂಬುತ್ತ ಹೋಗುತ್ತದೆ. ಹಾಗಾಗಿ ಇಂಥ ಕಾರಿಗೆ ಎಸಿಇಎ ಸಿ2 ಅಥವಾ ಸಿ3, ಲಾರಿಗೆ ಸಿಕೆ-4 ಇಲ್ಲವೇ ಗಾಡಿ ಕಂಪನಿ ಹೇಳಿದ್ದೇ ಆಗಬೇಕು. ಸಿ3ಯಲ್ಲಿ ಬೂದಿಯ ಮಿತಿ ಶೇ. 0.8, ಸಿಕೆ-4ನಲ್ಲಿ ಶೇ. 1. ಹಳೆಯ ಯುರೋಪಿಯನ್ ಡೀಸೆಲ್‌ಗಳ ಎ3/ಬಿ4 ಆಯಿಲ್‌ನಲ್ಲಿ ಶೇ. 1ರಿಂದ 1.6. ಅಗ್ಗಕ್ಕೆ ಸಿಕ್ಕಿತೆಂದು ಬಿಎಸ್-6 ಲಾರಿಗೆ ಸಿಐ-4 ಹಾಕಿದರೆ ಉಳಿದ ಹಣದ ಹಲವು ಪಟ್ಟು ಡಿಪಿಎಫ್‌ಗೆ ಹೋಗುತ್ತದೆ.

ಡೇಟಾ ಶೀಟ್‌ನಲ್ಲಿ ಕಣ್ಣಿಡಬೇಕಾದ ಐದು ಅಂಕೆ

ಸರ್ವೊ, ಮ್ಯಾಕ್, ಕ್ಯಾಸ್ಟ್ರಾಲ್, ಮೊಬಿಲ್, ಶೆಲ್, ಗಲ್ಫ್, ವಾಲ್ವೊಲಿನ್, ಎಲ್ಲರೂ ತಮ್ಮ ಆಯಿಲ್‌ಗಳಿಗೆ ಡೇಟಾ ಶೀಟ್ ಕೊಡುತ್ತಾರೆ. ಆಯಿಲ್ ಹೆಸರಿನ ಮುಂದೆ 'ಟಿಡಿಎಸ್' ಸೇರಿಸಿ ಹುಡುಕಿದರೆ ಮೊಬೈಲಿನಲ್ಲೇ ತೆರೆದುಕೊಳ್ಳುತ್ತದೆ. ಎರಡು ಶೀಟ್ ಪಕ್ಕಪಕ್ಕ ಇಟ್ಟು ಈ ಕ್ರಮದಲ್ಲಿ ನೋಡಿ.

1. ಎಚ್‌ಟಿಎಚ್‌ಎಸ್. 150 ಡಿಗ್ರಿಯಲ್ಲಿ, ಬೇರಿಂಗ್ ನಡುವಿನ ಉಜ್ಜಾಟದಲ್ಲಿ ಉಳಿಯುವ ದಪ್ಪ. 20 ಗ್ರೇಡಿಗೆ ಕನಿಷ್ಠ 2.6, 30 ಗ್ರೇಡಿಗೆ 2.9, 5ಡಬ್ಲ್ಯೂ-40 ಮತ್ತು 10ಡಬ್ಲ್ಯೂ-40ಕ್ಕೆ 3.5, 15ಡಬ್ಲ್ಯೂ-40ಕ್ಕೆ 3.7. ಭಾರ ಎಳೆಯುವ ಗಾಡಿಗೆ ಮೊದಲು ನೋಡಬೇಕಾದ್ದು ಇದನ್ನೇ.

2. ನೋಆಕ್. 250 ಡಿಗ್ರಿಯಲ್ಲಿ ಒಂದು ಗಂಟೆ ಇಟ್ಟಾಗ ಎಷ್ಟು ಶೇಕಡಾ ಆವಿಯಾಯಿತು ಎಂಬ ಅಂಕೆ. ಪೆಟ್ರೋಲ್ ಎಸ್‌ಪಿಗೆ ಮಿತಿ 15, ಸಿಕೆ-4ಗೆ 13. ಒಳ್ಳೆಯ ಸಿಂಥೆಟಿಕ್‌ನಲ್ಲಿ 10ರ ಒಳಗೂ ಸಿಗುತ್ತದೆ. ಆಯಿಲ್ ಕುಡಿಯುವ ಗಾಡಿಗೆ ಕಡಿಮೆ ನೋಆಕ್ ಆರಿಸಿ.

3. ಸಲ್ಫೇಟೆಡ್ ಆ್ಯಶ್. ಮೇಲೆ ಹೇಳಿದ ಬೂದಿ.

4. ಟಿಬಿಎನ್. ಆಮ್ಲವನ್ನು ತಡೆಯುವ ಶಕ್ತಿ. ಲಾರಿ ಆಯಿಲ್‌ನಲ್ಲಿ ಸಾಮಾನ್ಯವಾಗಿ 10ರ ಆಸುಪಾಸು, ಪೆಟ್ರೋಲಿನದರಲ್ಲಿ 7-8. ಡೀಸೆಲಿನಲ್ಲಿ ಗಂಧಕ ಬಿಎಸ್-3 ಕಾಲದ 350 ಪಿಪಿಎಂನಿಂದ ಬಿಎಸ್-6ಕ್ಕೆ 10 ಪಿಪಿಎಂಗೆ ಇಳಿದಿರುವುದರಿಂದ ಮೊದಲಿನಷ್ಟು ದೊಡ್ಡ ಟಿಬಿಎನ್ ಹಿಂದೆ ಬೀಳಬೇಕಿಲ್ಲ.

5. ವಿಸ್ಕಾಸಿಟಿ ಇಂಡೆಕ್ಸ್. ಹೆಚ್ಚಿದ್ದಷ್ಟೂ ಬಿಸಿ-ತಂಪಿಗೆ ಏರಿಳಿತ ಕಡಿಮೆ.

ಉದಾಹರಣೆಗೆ ಎರಡು ಡಬ್ಬಿ, ಎರಡರ ಮೇಲೂ '5ಡಬ್ಲ್ಯೂ-30 ಫುಲ್ ಸಿಂಥೆಟಿಕ್'. ಒಂದರ ಶೀಟ್‌ನಲ್ಲಿ ಸಿ3, ಎಚ್‌ಟಿಎಚ್‌ಎಸ್ 3.5, ಬೂದಿ 0.8, ನೋಆಕ್ 8. ಇನ್ನೊಂದರಲ್ಲಿ ಎಸ್‌ಪಿ ಮಾತ್ರ, ಎಚ್‌ಟಿಎಚ್‌ಎಸ್ 3.0, ಬೂದಿ 0.9, ನೋಆಕ್ 13. ಸಿ3 ಬೇಡುವ ಡಿಪಿಎಫ್ ಇರುವ ಡೀಸೆಲ್ ಎಸ್‌ಯುವಿಗೆ ಮೊದಲನೆಯದೇ ಬೇಕು. ಎಸ್‌ಪಿ ಬೇಡುವ ಸಣ್ಣ ಪೆಟ್ರೋಲ್ ಕಾರಿಗೆ ಎರಡನೆಯದು ಸರಿ, ಅಲ್ಲಿ ಮೊದಲನೆಯದಕ್ಕೆ ಹೆಚ್ಚು ದುಡ್ಡು ಕೊಡುವುದರಿಂದ ಸಿಗುವುದೇನೂ ಇಲ್ಲ.

ಚೀಟಿಯ ಮೇಲೆ 'ಅಪ್ರೂವ್ಡ್' ಎಂದಿದ್ದರೆ ಗಾಡಿ ಕಂಪನಿಯೇ ಪರೀಕ್ಷಿಸಿ ಒಪ್ಪಿದೆ ಎಂದರ್ಥ: ಕಮಿನ್ಸ್ ಸಿಇಎಸ್ 20086, ವೋಲ್ವೊ ವಿಡಿಎಸ್-4.5, ಮರ್ಸಿಡಿಸ್ 228.31 ಈ ಬಗೆಯವು. 'ಮೀಟ್ಸ್' ಅಥವಾ 'ಸೂಟಬಲ್ ಫಾರ್' ಎಂದಿದ್ದರೆ ಅದು ಆಯಿಲ್ ಮಾಡಿದವರ ಮಾತು ಮಾತ್ರ. ವಾರಂಟಿಯ ಗಾಡಿಗೆ ಅಪ್ರೂವ್ಡ್ ಇರುವುದನ್ನೇ ತೆಗೆದುಕೊಳ್ಳಿ, ಬಿಲ್ ಇಟ್ಟುಕೊಳ್ಳಿ.

ನಮ್ಮ ಕಡೆಯ ದುಡಿಮೆ: ಧೂಳು ಮತ್ತು ಪಾಳಿ

ಅತ್ಯಂತ ದುಬಾರಿ ಪಿಎಒ ಆಯಿಲ್ ಕೂಡ ಧೂಳನ್ನು ಕರಗಿಸಲಾರದು. ಎರೆ ಹೊಲದ ಕಾಲುದಾರಿ, ಲೋಕಾಪುರ ಸುತ್ತಿನ ಸುಣ್ಣಕಲ್ಲಿನ ಗಣಿ ದಾರಿ, ಕಾಮಗಾರಿ ನಡೆದ ಹೆದ್ದಾರಿ, ಎಲ್ಲೆಲ್ಲೂ ಎಂಜಿನ್ ಎಳೆದುಕೊಳ್ಳುವ ಗಾಳಿಯಲ್ಲಿ ಸಿಲಿಕಾ ಇರುತ್ತದೆ. ಅದು ಪಿಸ್ಟನ್ ರಿಂಗ್ ದಾಟಿ ಆಯಿಲ್ ಸೇರಿದರೆ ಲೈನರ್, ಬೇರಿಂಗ್ ಎರಡನ್ನೂ ತೇಯುತ್ತದೆ. ಆದ್ದರಿಂದ ಆಯಿಲ್‌ಗೆ ಲೀಟರಿಗೆ ಇನ್ನೂರು ರೂಪಾಯಿ ಹೆಚ್ಚು ಕೊಡುವ ಮುಂಚೆ ಏರ್ ಫಿಲ್ಟರ್ ನೋಡಿ. ಕಂಪ್ರೆಸರ್ ಗಾಳಿಯನ್ನು ಹೊರಗಿನಿಂದ ಬಿರುಸಾಗಿ ಹೊಡೆದರೆ ಧೂಳು ಕಾಗದದೊಳಕ್ಕೆ ಇಳಿಯುತ್ತದೆ, ಕಾಗದ ಸೂಕ್ಷ್ಮವಾಗಿ ಹರಿಯುತ್ತದೆ. ಕಂಪನಿ ಒಪ್ಪಿದ್ದರೆ ಮಾತ್ರ ಒಳಗಿನಿಂದ ಹೊರಗೆ, ಕಡಿಮೆ ಒತ್ತಡದಲ್ಲಿ ಊದಿ. ಲಾರಿಯ ಒಳಗಿನ ಸಣ್ಣ ಸುರಕ್ಷಾ ಫಿಲ್ಟರನ್ನು ಊದಲೇಬೇಡಿ, ಬದಲಿಸಿ. ಫಿಲ್ಟರ್‌ನಿಂದ ಟರ್ಬೊಗೆ ಹೋಗುವ ಪೈಪಿನ ಒಳಗೆ ಬೆರಳಾಡಿಸಿ. ಧೂಳು ಹತ್ತಿದರೆ ಕ್ಲ್ಯಾಂಪ್ ಸಡಿಲ ಇದೆ, ಇಲ್ಲವೇ ಪೈಪ್ ಸೀಳಿದೆ.

ಎರಡನೆಯದು ಕಬ್ಬಿನ ಹಂಗಾಮು. ಮುಧೋಳ, ಜಮಖಂಡಿ, ಗೋಕಾಕ, ಅಥಣಿ ಕಡೆಯ ಫ್ಯಾಕ್ಟರಿ ಗೇಟಿನ ಮುಂದೆ ಗಂಟೆಗಟ್ಟಲೆ ಪಾಳಿ (ಲಾರಿಗಳ ಸರದಿ ಸಾಲು). ಎಂಜಿನ್ ಸುಮ್ಮನೆ ಓಡುತ್ತ ನಿಂತರೆ ಮೀಟರಿನಲ್ಲಿ ಕಿಲೋಮೀಟರ್ ಏರುವುದಿಲ್ಲ, ಆಯಿಲ್ ಮಾತ್ರ ಸವೆಯುತ್ತದೆ. ಉರಿತ ತಂಪಾಗಿರುವುದರಿಂದ ಸುಡದ ಡೀಸೆಲ್ ಮತ್ತು ಮಸಿ ಆಯಿಲ್‌ಗೆ ಇಳಿಯುತ್ತವೆ. ಒಂದು ಗಂಟೆ ಐಡ್ಲಿಂಗ್ ಎಂದರೆ ಸುಮಾರು 40 ಕಿಲೋಮೀಟರ್ ಓಟ ಎಂದು ಹಿಡಿಯುವುದು ರೂಢಿ. ದಿನಕ್ಕೆ 3 ಗಂಟೆಯಂತೆ 120 ದಿನದ ಹಂಗಾಮಿಗೆ 14,400 ಕಿಲೋಮೀಟರ್ ಲೆಕ್ಕಕ್ಕೆ ಸೇರಿಸಬೇಕಾಗುತ್ತದೆ. ಪಾಳಿಯಲ್ಲಿ ಎಂಜಿನ್ ಬಂದ್ ಮಾಡುವುದೇ ಇದಕ್ಕೆ ಅಗ್ಗದ ಮದ್ದು.

ಬೆಳಗಾವಿ, ಖಾನಾಪುರ ಕಡೆಯ ಮಳೆಗಾಲದಲ್ಲಿ ಬೇರೆ ತೊಂದರೆ. ಮನೆಯಿಂದ ಶಾಲೆಗೆ, ಶಾಲೆಯಿಂದ ಮನೆಗೆ ಎರಡು-ಮೂರು ಕಿಲೋಮೀಟರ್ ಓಡುವ ಕಾರಿನ ಆಯಿಲ್ ಬಿಸಿಯಾಗುವುದೇ ಇಲ್ಲ, ತೇವ ಉಳಿದು ಮುಚ್ಚಳದ ಒಳಗೆ ಬಿಳಿ ಕೆನೆಯಂಥದ್ದು ಕಟ್ಟುತ್ತದೆ. ವಾರಕ್ಕೊಮ್ಮೆ ಅರ್ಧ ಗಂಟೆ ಹೆದ್ದಾರಿ ಮೇಲೆ ಓಡಿಸಿದರೆ ಹೋಗುತ್ತದೆ. ಹೋಗದೆ, ರೇಡಿಯೇಟರ್ ನೀರೂ ಕಡಿಮೆಯಾಗುತ್ತಿದ್ದರೆ ಹೆಡ್ ಗ್ಯಾಸ್ಕೆಟ್ ತೋರಿಸಿ. ಡಿಪಿಎಫ್ ಇರುವ ಕಾರು ಇಂಥ ಚಿಕ್ಕ ಓಟದಲ್ಲಿ ಮಸಿ ಸುಡಲು ಹೆಚ್ಚುವರಿ ಡೀಸೆಲ್ ಸಿಂಪಡಿಸುತ್ತದೆ, ಅದರ ಒಂದು ಪಾಲು ಚೇಂಬರಿಗೆ ಇಳಿಯುತ್ತದೆ. ಡಿಪ್‌ಸ್ಟಿಕ್‌ನಲ್ಲಿ ಮಟ್ಟ ಏರುತ್ತಿದ್ದರೆ "ಆಯಿಲ್ ತಿಂದಿಲ್ಲ" ಎಂದು ಖುಷಿಪಡಬೇಡಿ. ಮ್ಯಾಕ್ಸ್ ಗುರುತು ದಾಟಿದ್ದರೆ ಕಿಲೋಮೀಟರ್ ನೋಡದೆ ಬದಲಿಸಿ.

ದುಬಾರಿ ಆಯಿಲ್ ಲಾರಿಗೆ ಗಿಟ್ಟುತ್ತದೆಯೇ

ಲೆಕ್ಕ ಲೀಟರಿಗಲ್ಲ, ಕಿಲೋಮೀಟರಿಗೆ ಹಾಕಬೇಕು. ಚೇಂಬರ್ 20 ಲೀಟರ್, ಫಿಲ್ಟರ್ ₹1,000 ಎಂದು ಹಿಡಿಯೋಣ. ಮಿನರಲ್ 15ಡಬ್ಲ್ಯೂ-40 ಲೀಟರಿಗೆ ₹300 ಆದರೆ ಒಟ್ಟು ₹7,000. 20,000 ಕಿಲೋಮೀಟರಿಗೆ ಬದಲಿಸಿದರೆ ಕಿಲೋಮೀಟರಿಗೆ 35 ಪೈಸೆ. ಸಿಂಥೆಟಿಕ್ 10ಡಬ್ಲ್ಯೂ-40 ಸಿಕೆ-4 ₹550 ಆದರೆ ಒಟ್ಟು ₹12,000. 40,000 ಓಡಿಸಿದರೆ 30 ಪೈಸೆ, 30,000ಕ್ಕೇ ತೆಗೆದರೆ 40 ಪೈಸೆ. ಈ ದರಕ್ಕೆ ಸುಮಾರು 34,300 ಕಿಲೋಮೀಟರ್ ದಾಟಿದರೆ ಮಾತ್ರ ಸಿಂಥೆಟಿಕ್ ಗಿಟ್ಟುತ್ತದೆ. ನಿಮ್ಮ ಅಂಗಡಿಯ ದರ ಹಾಕಿ ಇದೇ ಲೆಕ್ಕ ಮಾಡಿ.

ಪುಣೆ-ಬೆಂಗಳೂರು ಹೆದ್ದಾರಿಯಲ್ಲಿ ಒಂದೇ ಸಮ ಓಡುವ ಲಾರಿಗೆ, ಗಾಡಿ ಕಂಪನಿಯ ಒಪ್ಪಿಗೆಯೊಳಗೆ, ಆಯಿಲ್ ಬದಲಿಸುವ ನಡುವೆ ಇಷ್ಟು ಉದ್ದದ ಅಂತರ ಸಾಧ್ಯ. ಕಬ್ಬು, ಉಸುಕು, ಗಣಿ ಕೆಲಸದ ಲಾರಿಗೆ ಅಲ್ಲ. ಅಲ್ಲಿ ಒಳ್ಳೆಯ ದರ್ಜೆಯ ಮಿನರಲ್ ಆಯಿಲನ್ನು ಬೇಗ ಬದಲಿಸುವುದೇ ಜಾಣತನ, ಏಕೆಂದರೆ ಧೂಳು-ಮಸಿ ಹೊರಹೋಗುವುದು ಡ್ರೇನ್ ಬೋಲ್ಟಿನಿಂದ ಮಾತ್ರ. ಐದಾರು ಲಾರಿ ಇಟ್ಟವರು ಊಹೆಯ ಬದಲು ಲ್ಯಾಬ್ ಪರೀಕ್ಷೆ ಮಾಡಿಸಲಿ. ಬಿಸಿ ಆಯಿಲ್ ಇಳಿಸುವಾಗ ಮೊದಲಿನದು ಬಿಟ್ಟು ನಡುವಿನ ಧಾರೆಯಿಂದ 100 ಮಿಲಿ ಒಣ ಬಾಟಲಿಗೆ ಹಿಡಿಯಬೇಕು. ವರದಿಯಲ್ಲಿ ಸಿಲಿಕಾನ್ ಮತ್ತು ಕಬ್ಬಿಣ ಒಟ್ಟಿಗೆ ಏರಿದ್ದರೆ ಧೂಳು ಒಳಬರುತ್ತಿದೆ. ದಪ್ಪ ಇಳಿದಿದ್ದರೆ ಡೀಸೆಲ್ ಬೆರೆತಿರಬಹುದು. ಟಿಬಿಎನ್ ಹೊಸದರ ಅರ್ಧಕ್ಕೆ ಬಂದಿದ್ದರೆ ಆಯಿಲ್ ಬದಲಿಸುವ ಹೊತ್ತಾಗಿದೆ.

ಬದಲಿಸುವ ಕ್ರಮ

ಗಾಡಿ ಹತ್ತು ನಿಮಿಷ ಓಡಿಸಿ ಸಮ ಜಾಗದಲ್ಲಿ ನಿಲ್ಲಿಸಿ. ಕುದಿಯುವ ಬಿಸಿ ಬೇಡ, ಕೈ ಸುಡುತ್ತದೆ. ಮೇಲಿನ ಮುಚ್ಚಳ ತೆಗೆದು ಚೇಂಬರಿನ ಬೋಲ್ಟ್ ಬಿಚ್ಚಿ, ಧಾರೆ ಹನಿಯಾಗುವ ತನಕ, ಕನಿಷ್ಠ 15 ನಿಮಿಷ ಬಿಡಿ. ಬೋಲ್ಟಿನ ವಾಷರ್ ಪ್ರತಿ ಸಲ ಹೊಸದು. ಫಿಲ್ಟರ್ ಬಿಚ್ಚಿದಾಗ ಹಳೆಯ ರಬ್ಬರ್ ರಿಂಗ್ ಎಂಜಿನ್ನಿಗೇ ಅಂಟಿಕೊಂಡಿದೆಯೇ ನೋಡಲೇಬೇಕು. ಅದರ ಮೇಲೆ ಹೊಸದು ಕೂಡಿಸಿದರೆ ಹೆದ್ದಾರಿಯಲ್ಲಿ ಒತ್ತಡ ಏರಿದಾಗ ಆಯಿಲ್ ಪೂರ್ತಿ ಹೊರಚಿಮ್ಮುತ್ತದೆ. ಹೊಸ ರಿಂಗಿಗೆ ಆಯಿಲ್ ಸವರಿ, ತಾಗುವ ತನಕ ಕೈಯಿಂದ ತಿರುಗಿಸಿ, ಆಮೇಲೆ ಮುಕ್ಕಾಲು ಸುತ್ತು. ಚೇಂಬರ್ ಬೋಲ್ಟ್ ಟಾರ್ಕ್ (ಎಷ್ಟು ಬಿಗಿಯಬೇಕೆಂಬ ಅಳತೆ) ಪುಸ್ತಕದಲ್ಲಿದೆ. ಉದ್ದ ಪಾನಾದಿಂದ (ಸ್ಪ್ಯಾನರ್) ಜೋರಾಗಿ ಬಿಗಿದರೆ ಅಲ್ಯೂಮಿನಿಯಂ ಚೇಂಬರಿನ ಆಟೆ (ಥ್ರೆಡ್) ಹೋಗುತ್ತದೆ.

ಹೇಳಿದ ಪ್ರಮಾಣದ ಹತ್ತರಲ್ಲಿ ಒಂಬತ್ತು ಪಾಲು ಹಾಕಿ, ಒಂದು ನಿಮಿಷ ಓಡಿಸಿ, ಒತ್ತಡದ ಲೈಟ್ ಆರಿದ ಮೇಲೆ ಬಂದ್ ಮಾಡಿ, ಹತ್ತು ನಿಮಿಷ ಕಾದು ಡಿಪ್‌ಸ್ಟಿಕ್ ನೋಡಿ ಉಳಿದದ್ದು ಸೇರಿಸಿ. ಮ್ಯಾಕ್ಸ್ ದಾಟಿಸಬೇಡಿ. ಕ್ರ್ಯಾಂಕ್ ಆಯಿಲಿಗೆ ಬಡಿದು ನೊರೆ ಏಳುತ್ತದೆ, ನೊರೆಯಿಂದ ಬೇರಿಂಗ್ ಉಳಿಯುವುದಿಲ್ಲ.

ಮಿನರಲ್‌ನಿಂದ ಸಿಂಥೆಟಿಕ್‌ಗೆ ಹೋಗುವಾಗ ಸೀಮೆಎಣ್ಣೆ ಅಥವಾ ಡೀಸೆಲ್ ಹಾಕಿ ತೊಳೆಯುವ ಪದ್ಧತಿ ಇನ್ನೂ ಕೆಲವು ಗ್ಯಾರೇಜುಗಳಲ್ಲಿದೆ. ಬೇಡ. ಅದು ಬೇರಿಂಗಿನ ಪದರ ತೊಳೆದುಹಾಕುತ್ತದೆ, ಮೂಲೆಯಲ್ಲಿ ಉಳಿದದ್ದು ಹೊಸ ಆಯಿಲನ್ನು ತೆಳು ಮಾಡುತ್ತದೆ. ಎರಡೂ ಬಗೆ ಒಂದರಲ್ಲೊಂದು ಬೆರೆಯುತ್ತವೆ, ತೊಳೆಯುವ ಅಗತ್ಯವೇ ಇಲ್ಲ. ಒಂದು ಲಕ್ಷ ಕಿಲೋಮೀಟರ್ ದಾಟಿದ, ಮಸಿ ಕಟ್ಟಿದ ಎಂಜಿನ್ ಆದರೆ ಮೊದಲ ಸಿಂಥೆಟಿಕ್ ತುಂಬಿದ 3,000 ಕಿಲೋಮೀಟರಿಗೇ ಆಯಿಲ್, ಫಿಲ್ಟರ್ ಎರಡನ್ನೂ ಬದಲಿಸಿ, ಏಕೆಂದರೆ ಸಡಿಲಾದ ಕೊಳೆ ಫಿಲ್ಟರ್ ಕಟ್ಟಿಸಬಹುದು. ಮುಂಚೆಯೇ ಸೋರುವ ಸೀಲ್ ಇನ್ನಷ್ಟು ಸೋರಬಹುದು. ಅದು ಸೀಲಿನ ಆಯುಷ್ಯ ಮುಗಿದ ಗುರುತು. ರಿಂಗ್ ಸವೆದು ನೀಲಿ ಹೊಗೆ ಬಿಡುವ ಎಂಜಿನ್ನಿಗೆ ಸಿಂಥೆಟಿಕ್ ಹಾಕಿ ಹಣ ಕಳೆಯಬೇಡಿ, ರಿಪೇರಿಗೆ ಇಟ್ಟುಕೊಳ್ಳಿ.

ಖರೀದಿಯಲ್ಲಿ ಸೀಲ್, ಬ್ಯಾಚ್ ಸಂಖ್ಯೆ, ತಯಾರಿಕೆಯ ತಿಂಗಳು ನೋಡಿ. ಕ್ಯೂಆರ್ ಚೀಟಿ ಇದ್ದರೆ ಮೊಬೈಲಿನಲ್ಲಿ ತೆರೆದು ನೋಡಿ. ಖಾಲಿ ಡಬ್ಬಿಯನ್ನು ಹಾಗೇ ಗುಜರಿಗೆ ಕೊಡದೆ ಚಾಕುವಿನಿಂದ ಸೀಳಿ ಕೊಡಿ, ಇಲ್ಲದಿದ್ದರೆ ಅದೇ ಡಬ್ಬಿ ನಕಲಿ ಆಯಿಲ್ ತುಂಬಿಕೊಂಡು ಮತ್ತೆ ಅಂಗಡಿಗೆ ಬರುತ್ತದೆ. ಹಳೆಯ ಆಯಿಲನ್ನು ಗಟಾರಕ್ಕಾಗಲಿ ಹೊಲದ ಬದುವಿಗಾಗಲಿ ಸುರಿಯಬೇಡಿ, ಮುಚ್ಚಳದ ಕ್ಯಾನಿನಲ್ಲಿ ತುಂಬಿ ನೋಂದಾಯಿತ ಮರುಬಳಕೆದಾರರಿಗೆ ಕೊಡುವ ಗ್ಯಾರೇಜಿಗೆ ಒಪ್ಪಿಸಿ. ಹೊಸ ಆಯಿಲ್ ಹಾಕಿದ ಮೇಲೆ ಮೊದಲ 500 ಕಿಲೋಮೀಟರ್ ತನಕ ಎರಡು ದಿನಕ್ಕೊಮ್ಮೆ, ಆಮೇಲೆ ಕಾರಿಗೆ ಎರಡು ವಾರಕ್ಕೊಮ್ಮೆ, ಲಾರಿಗೆ ದಿನಾ ಬೆಳಗ್ಗೆ ಸ್ಟಾರ್ಟ್ ಮಾಡುವ ಮುಂಚೆ ಡಿಪ್‌ಸ್ಟಿಕ್ ಒರೆಸಿ ನೋಡಿ.